ವೇಳಾಪಟ್ಟಿಯ ಮೂರನೆಯ ಹಾಳೆ

ಡೊಂಬಿವಲಿಯಿಂದ, ಥಾಣೆಯಿಂದ, ಮೀರಾ ರೋಡಿನಿಂದ ಲೋಕಲ್ ಹಿಡಿದು ಈ ಸಭಾಗೃಹದವರೆಗೆ ಬಂದಿರುವ ಗೆಳೆಯರೇ,

ನಿಮ್ಮನ್ನು ಇಲ್ಲಿಗೆ ತಂದು ಮುಟ್ಟಿಸಿದವರ ಮುಖವನ್ನು ನೀವು ನೋಡಿರಲಾರಿರಿ. ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗ ನಮ್ಮ ಕಣ್ಣೆಲ್ಲ ಬಾಗಿಲಿನ ಮೇಲೆ. ಮುಂದಿನ ಗಾಜಿನ ಹಿಂದೆ ಯಾರು ಕೂತಿದ್ದಾರೆ, ಅವರು ಎಷ್ಟು ಹೊತ್ತಿಗೆ ಎದ್ದರು, ಮನೆಗೆ ಯಾವಾಗ ಹೋಗುತ್ತಾರೆ ಎಂದು ಯೋಚಿಸುವಷ್ಟು ಪುರುಸೊತ್ತು ಯಾರಿಗಿದೆ? ನನಗೂ ಇರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಆಪರೇಷನ್ಸ್ ರಿಸರ್ಚ್ (ಓ.ಆರ್.) ಎಂಬ ವಿಷಯ ಕಲಿಸಿದವನು ನಾನು. ಇರುವಷ್ಟು ಜನ, ಇರುವಷ್ಟು ಯಂತ್ರ, ಇರುವಷ್ಟು ಹೊತ್ತು ಇಟ್ಟುಕೊಂಡು ಕೆಲಸವನ್ನು ಹಂಚುವ ಗಣಿತ ಅದು. ತರಗತಿಯಲ್ಲಿ ರೈಲಿನ ಉದಾಹರಣೆಯನ್ನೇ ಕೊಡುತ್ತಿದ್ದೆ. ಆದರೆ ಆ ಲೆಕ್ಕದೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ನನಗೆ ತಿಳಿದದ್ದು ನಮ್ಮ ಕಟ್ಟಡದ ಕೆಳಗಿನ ಮನೆಗೆ ಲೋಕಲ್ ಓಡಿಸುವ ಮೋಟರ್‌ಮನ್ ಒಬ್ಬರ ಕುಟುಂಬ ಬಂದ ಮೇಲೆ. ವಿಜಯಪುರದ ಕಡೆಯವರು. ಅವರ ಅಡುಗೆಮನೆಯ ಗೋಡೆಗೆ, ದೇವರ ಕ್ಯಾಲೆಂಡರಿನ ಪಕ್ಕದಲ್ಲೇ, ಒಂದು ಹಾಳೆ ಅಂಟಿಸಿರುತ್ತಿತ್ತು. ಅದರ ಮೇಲೆ ಅವರ ಹೆಂಡತಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ‘ಇದೇನು?’ ಎಂದು ಕೇಳಿದ್ದಕ್ಕೆ, ‘ಇವರ ಲಿಂಕ್ ಐತ್ರಿ. ಇದನ್ನ ನೋಡೇ ನಾವು ಹಬ್ಬ ಮಾಡೂದು’ ಎಂದರು. ಇವತ್ತಿನ ನನ್ನ ಮಾತೆಲ್ಲ ಆ ಹಾಳೆಯ ಬಗ್ಗೆ.

ಮೊದಲು ಒಂದು ಶನಿವಾರದ ವಿಷಯ ಹೇಳುತ್ತೇನೆ. 2024ರ ಫೆಬ್ರವರಿ 10. ಅದಕ್ಕೆ ಸ್ವಲ್ಪ ಮುಂಚೆ ಮಧ್ಯ ರೈಲ್ವೆಯ ಒಬ್ಬ ಮೋಟರ್‌ಮನ್ ಹಳಿ ದಾಟುವಾಗ ಗಾಡಿಗೆ ಸಿಕ್ಕಿ ತೀರಿಕೊಂಡಿದ್ದರು. ಸಹೋದ್ಯೋಗಿಗಳು ಅಂತ್ಯಕ್ರಿಯೆಗೆ ಹೋದರು, ಆ ದಿನ ಓವರ್‌ಟೈಮ್ ಮಾಡಲು ಒಪ್ಪಲಿಲ್ಲ. ಸಂಜೆಯ ಹೊತ್ತಿಗೆ ಹತ್ತಾರು ಲೋಕಲ್‌ಗಳು ರದ್ದಾದವು, ಸಿಎಸ್‌ಎಂಟಿ ನಿಲ್ದಾಣದಲ್ಲಿ ಜನ ಜಮಾಯಿಸಿದರು. ಮರುದಿನ ಪತ್ರಿಕೆಗಳು ಪ್ರಯಾಣಿಕರ ಪಾಡನ್ನು ಬರೆದವು. ಬರೆಯಬೇಕಾದದ್ದೇ. ಆದರೆ ನನಗೆ ಬೇರೊಂದು ಸಂಗತಿ ಚುಚ್ಚಿತು. ಅವರು ಮುಷ್ಕರ ಹೂಡಿರಲಿಲ್ಲ. ಹೆಚ್ಚುವರಿ ಕೆಲಸ ಒಲ್ಲೆವೆಂದಿದ್ದರು, ಅಷ್ಟೇ. ಕೆಲಸಗಾರರು ಹೆಚ್ಚುವರಿ ಕೆಲಸ ಬಿಟ್ಟ ಕ್ಷಣಕ್ಕೆ ಒಂದು ಊರಿನ ದಿನನಿತ್ಯದ ಓಡಾಟವೇ ನಿಲ್ಲುತ್ತದೆಂದರೆ, ಆ ಊರು ಪ್ರತಿದಿನವೂ ಅವರ ವಿಶ್ರಾಂತಿಯಿಂದ ಒಂದಿಷ್ಟು ಕಡ ತೆಗೆದುಕೊಂಡು ಓಡುತ್ತಿದೆ ಎಂದಾಯಿತು. ಆ ಶನಿವಾರ ಸಾಲ ಕೊಡುವವರು ಕೈ ಹಿಂದಕ್ಕೆಳೆದುಕೊಂಡರು.

ಮುಂಬೈಯ ಲೋಕಲ್ ಎಂದರೆ ಎಷ್ಟು ದೊಡ್ಡ ವ್ಯವಹಾರವೆಂದು ನಿಮಗೆ ನಾನು ಹೇಳಬೇಕಿಲ್ಲ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ 34 ಕಿಲೋಮೀಟರ್ ಓಡಿದ ಗಾಡಿಯ ಸಂತತಿ ಇದು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾದವರೆಗೆ ದೇಶದ ಮೊದಲ ವಿದ್ಯುತ್ ರೈಲು ಓಡಿತು. ಇವತ್ತು ಮಧ್ಯ ಮತ್ತು ಪಶ್ಚಿಮ ರೈಲ್ವೆ ಸೇರಿ ದಿನಕ್ಕೆ 3,000ಕ್ಕೂ ಹೆಚ್ಚು ಲೋಕಲ್ ಸೇವೆ ನಡೆಸುತ್ತವೆ. ಒಂದೊಂದು ಸೇವೆಗೂ ಮುಂದೆ ಒಬ್ಬ ಮೋಟರ್‌ಮನ್, ಹಿಂದೆ ಒಬ್ಬ ಗಾರ್ಡ್. ಗಾರ್ಡ್ ಎಂಬ ಹೆಸರನ್ನು 2022ರಲ್ಲಿ ಟ್ರೈನ್ ಮ್ಯಾನೇಜರ್ ಎಂದು ಬದಲಿಸಿದ್ದಾರೆ, ನಾನು ಹಳೆಯ ಹೆಸರನ್ನೇ ಬಳಸುತ್ತೇನೆ. ದೂರದ ಎಕ್ಸ್‌ಪ್ರೆಸ್ ಗಾಡಿಯ ಎಂಜಿನ್ನಿನಲ್ಲಿ ಲೋಕೊ ಪೈಲಟ್ ಜತೆಗೆ ಸಹಾಯಕರೊಬ್ಬರು ಇರುತ್ತಾರೆ. ಲೋಕಲ್‌ನ ಮುಂದಿನ ಕೋಣೆಯಲ್ಲಿ ಒಬ್ಬರೇ. ಪ್ರತಿ ಎರಡು ಮೂರು ನಿಮಿಷಕ್ಕೊಂದು ನಿಲ್ದಾಣ, ನಿಲ್ದಾಣಗಳ ನಡುವೆ ಒಂದರ ಹಿಂದೊಂದು ಸಿಗ್ನಲ್, ಹಳಿಯ ಮೇಲೆ ಜನ. ಈ ಜಾಲದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜೀವಗಳು ಹೋಗುತ್ತವೆ, ಅವರಲ್ಲಿ ಬಹಳಷ್ಟು ಮಂದಿ ಹಳಿ ದಾಟುವವರು. ಅಂಥ ಪ್ರತಿ ಸಾವಿನ ಹಿಂದೆ ಬ್ರೇಕ್ ಎಳೆದು ನಿಸ್ಸಹಾಯಕರಾಗಿ ನೋಡಿದ ಒಬ್ಬರಿದ್ದಾರೆ. ನಮ್ಮ ಕೆಳಗಿನ ಮನೆಯವರು ಅಂಥ ದಿನಗಳಲ್ಲಿ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದು, ಏನೂ ಮಾತಾಡದೆ ಚಹಾ ಕುಡಿದು ಹೋಗುತ್ತಿದ್ದರು. ನಾವೂ ಏನೂ ಕೇಳುತ್ತಿರಲಿಲ್ಲ.

ಈಗ ಹಾಳೆಯ ವಿಷಯ. ಲೋಕಲ್ ಓಡಲು ಮೂರು ಹಾಳೆ ಬೇಕು. ಮೊದಲನೆಯದು ನಿಮ್ಮ ಕೈಯಲ್ಲಿರುವುದು, 8.14ರ ಫಾಸ್ಟ್, 8.19ರ ಸ್ಲೋ ಎಂದು ನಾವೆಲ್ಲ ಜಾತಕದಂತೆ ಬಾಯಿಪಾಠ ಮಾಡಿಕೊಂಡಿರುವ ವೇಳಾಪಟ್ಟಿ. ಎರಡನೆಯದು ರೇಕ್ ಲಿಂಕ್. ಯಾವ ರೇಕು, ಅಂದರೆ ಬೋಗಿಗಳ ಯಾವ ಜೋಡಣೆ, ಯಾವ ಕಾರ್‌ಶೆಡ್ಡಿನಿಂದ ಹೊರಟು ದಿನವಿಡೀ ಯಾವ ಯಾವ ಸೇವೆ ಮುಗಿಸಿ ರಾತ್ರಿ ಎಲ್ಲಿ ಮಲಗುತ್ತದೆ ಎಂಬುದು ಅದರಲ್ಲಿದೆ. ಮೂರನೆಯದು ಕ್ರೂ ಲಿಂಕ್. ಯಾವ ಮೋಟರ್‌ಮನ್, ಯಾವ ಗಾರ್ಡ್ ಸಿಬ್ಬಂದಿ ಹಾಜರಿ ಹಾಕುವ ಯಾವ ಲಾಬಿಯಲ್ಲಿ ಎಷ್ಟು ಹೊತ್ತಿಗೆ ಸೈನ್ ಆನ್ ಆಗಿ, ಯಾವ ಗಾಡಿ ಒಯ್ದು, ಎಲ್ಲಿ ಇಳಿದು, ಎಷ್ಟು ಹೊತ್ತು ಕೂತು, ಇನ್ಯಾವ ಗಾಡಿ ಹಿಡಿದು, ಎಲ್ಲಿ ಸೈನ್ ಆಫ್ ಆಗಬೇಕು ಎಂಬುದು. ವೇಳಾಪಟ್ಟಿ ಪ್ರಯಾಣಿಕರಿಗೆ ಸಿಗುತ್ತದೆ, ರೇಕ್ ಲಿಂಕ್ ಕಾರ್‌ಶೆಡ್ಡಿಗೆ ಹೋಗುತ್ತದೆ, ಮೂರನೆಯ ಹಾಳೆ ಅಡುಗೆಮನೆಯ ಗೋಡೆಗೆ.

ಒಂದು ಕಪ್ಪುಹಲಗೆಯ ಲೆಕ್ಕ ಮಾಡೋಣ. ಇದು ಯಾವ ಕಚೇರಿಯ ಅಂಕಿಯೂ ಅಲ್ಲ, ನಾನು ತರಗತಿಯಲ್ಲಿ ಹಾಕುತ್ತಿದ್ದದ್ದು. ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಡಿ ಒಂದೂವರೆ ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. ಎರಡೂ ತುದಿಯಲ್ಲಿ ಹಿಂದಿರುಗಲು ಸೇರಿ ಹದಿನೈದು ನಿಮಿಷ. ಒಂದು ಸುತ್ತಿಗೆ 195 ನಿಮಿಷ. ಐದು ನಿಮಿಷಕ್ಕೊಂದು ಗಾಡಿ ಬೇಕೆಂದರೆ 39 ರೇಕು ಬೇಕು. ಇಷ್ಟರವರೆಗೆ ಎಲ್ಲ ವಿದ್ಯಾರ್ಥಿಗಳೂ ಸರಿಯಾಗಿ ಮಾಡುತ್ತಿದ್ದರು. ‘ಹಾಗಾದರೆ ಎಷ್ಟು ಮೋಟರ್‌ಮನ್?’ ಎಂದು ಕೇಳಿದರೆ ಮುಂದಿನ ಬೆಂಚಿನವರು ತಟ್ಟನೆ 39ನ್ನು ಮೂರು ಪಾಳಿಯಿಂದ ಗುಣಿಸಿ 117 ಎಂದುಬಿಡುತ್ತಿದ್ದರು.

ಹಾಗಲ್ಲ. ಮಧ್ಯಾಹ್ನ, ರಾತ್ರಿ ಗಾಡಿ ಕಡಿಮೆ. ಆದ್ದರಿಂದ ದಿನದ ಸರಾಸರಿ 26 ರೇಕು ಓಡುತ್ತವೆ ಎನ್ನಿ. ಇಪ್ಪತ್ತು ಗಂಟೆಗೆ 520 ಗಾಡಿ-ಗಂಟೆ. ಎಂಟು ಗಂಟೆಯ ಡ್ಯೂಟಿಯಲ್ಲಿ ಕೈ ಹ್ಯಾಂಡಲ್ ಮೇಲಿರುವುದು ಎಂಟು ಗಂಟೆಯಲ್ಲ. ಸೈನ್ ಆನ್, ಉಸಿರಿನ ಪರೀಕ್ಷೆ, ಸುರಕ್ಷತೆಯ ಸುತ್ತೋಲೆ ಓದಿ ಸಹಿ ಹಾಕುವುದು, ಪ್ಲಾಟ್‌ಫಾರ್ಮಿಗೆ ನಡೆಯುವುದು, ನಡುವೆ ಊಟ, ಮುಂದಿನ ಗಾಡಿಗೆ ಕಾಯುವುದು ಎಲ್ಲ ಕಳೆದರೆ ಐದು ಗಂಟೆ ಸಿಕ್ಕರೆ ಒಳ್ಳೆಯ ಲಿಂಕ್. ಅಲ್ಲಿಗೆ ದಿನಕ್ಕೆ 104 ಮಂದಿ ಹಾಜರಿರಬೇಕು. ಹಾಜರಿರಲು 104 ಬೇಕೆಂದರೆ ಪಟ್ಟಿಯಲ್ಲಿ ಎಷ್ಟಿರಬೇಕು? ವಾರದ ವಿಶ್ರಾಂತಿ, ರಜೆ, ಜ್ವರ, ತರಬೇತಿ, ಕಣ್ಣಿನ ಪರೀಕ್ಷೆ, ಹಳಿಯ ಮೇಲೆ ಸಾವು ಕಂಡ ಮರುದಿನ ಕೆಲಸಕ್ಕೆ ಬರಲಾಗದಿರುವುದು ಎಲ್ಲ ಸೇರಿದರೆ 100ಕ್ಕೆ ಸುಮಾರು 140. ಅಂದರೆ 146 ಮೋಟರ್‌ಮನ್, ಅಷ್ಟೇ ಗಾರ್ಡ್. ಈ 140ರಲ್ಲಿರುವ ನಲವತ್ತು ಜನವಿದ್ದಾರಲ್ಲ, ಅವರು ಲೆಕ್ಕಪತ್ರ ನೋಡುವವರ ಕಣ್ಣಿಗೆ ದಂಡಕ್ಕೆ ಕೂತವರಂತೆ ಕಾಣುತ್ತಾರೆ. ಹೊಸ ಗಾಡಿಗೆ ಹಸಿರು ಬಾವುಟ ತೋರಿಸುವವರು ಸಿಗುತ್ತಾರೆ. ರಜೆಯ ಬದಲಿಗೆ ಹತ್ತು ಹುದ್ದೆ ಮಂಜೂರಾದದ್ದಕ್ಕೆ ಯಾರೂ ಸಮಾರಂಭ ಮಾಡುವುದಿಲ್ಲ. ಹಾಗಾಗಿ ಕತ್ತರಿ ಮೊದಲು ಬೀಳುವುದು ಅಲ್ಲಿ. ಆ ನಲವತ್ತು ಇಪ್ಪತ್ತಾದಾಗ ಗಾಡಿಗಳೇನೂ ನಿಲ್ಲುವುದಿಲ್ಲ, ಉಳಿದವರ ವಾರದ ರಜೆಯ ಮೇಲೆ ಓಡುತ್ತಿರುತ್ತವೆ. ಎಲ್ಲ ಸರಿಯಿದೆ ಎಂದೇ ಎಲ್ಲರಿಗೂ ತೋರುತ್ತದೆ. ಆಮೇಲೊಂದು ಶನಿವಾರ ಬರುತ್ತದೆ.

ಗಾಡಿ ಹಿಂದಿರುಗುವ ಸಂಗತಿಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ, ಏಕೆಂದರೆ ನಾನು ಕಂಡ ಅತ್ಯಂತ ಚೆಂದದ ಕೆಲಸಗಳಲ್ಲಿ ಅದೂ ಒಂದು. ಹನ್ನೆರಡು ಬೋಗಿಯ ಲೋಕಲ್ ಸುಮಾರು 250 ಮೀಟರ್ ಉದ್ದ. ಸಿಎಸ್‌ಎಂಟಿಗೆ ಬಂದು ನಿಂತಾಗ ಮೋಟರ್‌ಮನ್ ಇರುವುದು ಬಫರಿನ ಬದಿಯಲ್ಲಿ, ಗಾಡಿ ಮತ್ತೆ ಹೊರಡಬೇಕಾದದ್ದು ಇನ್ನೊಂದು ತುದಿಯಿಂದ. ಅಷ್ಟು ದೂರವನ್ನು ಇಳಿಯುವ ಹತ್ತುವ ಜನಸಾಗರದಲ್ಲಿ ಈಜಿಕೊಂಡು ಹೋಗುವಷ್ಟು ಹೊತ್ತು ಪೀಕ್ ಅವರಿನಲ್ಲಿ ಯಾವ ಪ್ಲಾಟ್‌ಫಾರ್ಮಿಗೂ ಇರುವುದಿಲ್ಲ. ಆದ್ದರಿಂದ ಆ ತುದಿಯಲ್ಲಿ ಇನ್ನೊಬ್ಬರು ಮೊದಲೇ ಸಿದ್ಧವಾಗಿರುತ್ತಾರೆ. ಬಂದವರು ಇಳಿದು ಅದರ ಹಿಂದಿನ ಗಾಡಿಗೆ ಹೋಗುತ್ತಾರೆ. ಗಾರ್ಡ್ ಎರಡು ಬೆಲ್ ಕೊಡುತ್ತಾರೆ, ಮೋಟರ್‌ಮನ್ ತಿರುಗಿ ಎರಡು ಬೆಲ್ ಕೊಟ್ಟು ಹೊರಡುತ್ತಾರೆ. ಹೀಗೆ ಒಬ್ಬರ ಜಾಗಕ್ಕೆ ಒಬ್ಬರು ಬರುವ ಈ ಹೆಣಿಗೆ ಅರ್ಧ ನಿಮಿಷ ತಪ್ಪಿದರೂ ಹಿಂದಿನ ಗಾಡಿ ಮಸೀದಿಯಲ್ಲಿ, ಅದರ ಹಿಂದಿನದು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ನಿಲ್ಲುತ್ತದೆ. ಒಬ್ಬರು ಕಡಿಮೆಯಾದರೆ ಒಂದೇ ಗಾಡಿ ರದ್ದಾಗುತ್ತದೆ ಎಂದು ನಾವು ತಿಳಿಯುತ್ತೇವೆ. ಆ ಒಬ್ಬರು ಒಯ್ಯಬೇಕಾಗಿದ್ದ ಮೂರು ನಾಲ್ಕು ಸೇವೆಗಳು, ಆ ರೇಕು ಮುಂದೆ ಆಗಬೇಕಾಗಿದ್ದ ಗಾಡಿಗಳು, ಎಲ್ಲವೂ ಹೊಲಿಗೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತವೆ.

ಇದಕ್ಕಿಂತ ಕಠಿಣವಾದದ್ದು ಎರಡು ಪೀಕಿನ ಸಮಸ್ಯೆ. ಊರು ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಕ್ಕೆ. ಬೆಳಗಿನ ಎಂಟಕ್ಕೂ ರಾತ್ರಿಯ ಒಂಬತ್ತಕ್ಕೂ ನಡುವೆ ಹದಿಮೂರು ಗಂಟೆ. ಎಂಟು ಗಂಟೆಯ ಡ್ಯೂಟಿಯಲ್ಲಿ ಒಬ್ಬ ಮನುಷ್ಯ ಎರಡೂ ಪೀಕನ್ನು ಪೂರ್ತಿ ನಿಭಾಯಿಸಲಾರ. ಬೆಳಿಗ್ಗೆಗೊಂದು ದಂಡು, ಸಂಜೆಗೊಂದು ದಂಡು ಬೇಕು. ನಡುವಿನ ಮಧ್ಯಾಹ್ನದಲ್ಲಿ ಎರಡೂ ದಂಡಿನ ಒಂದು ಭಾಗಕ್ಕೆ ಗಾಡಿಯಿಲ್ಲ. ಇದನ್ನು ನೋಡಿದ ಕೂಡಲೇ ಪ್ರಪಂಚದ ಎಲ್ಲ ವ್ಯವಸ್ಥಾಪಕರಿಗೂ ಹೊಳೆಯುವ ಉಪಾಯ ಒಂದೇ. ಬೆಳಿಗ್ಗೆ ನಾಲ್ಕು ಗಂಟೆ ದುಡಿಸಿ, ಮಧ್ಯಾಹ್ನ ಬಿಟ್ಟು, ಸಂಜೆ ಮತ್ತೆ ನಾಲ್ಕು ಗಂಟೆ ದುಡಿಸುವುದು. ಕಾಗದದ ಮೇಲೆ ಎಂಟೇ ಗಂಟೆ. ಮನೆ ದೂರವಿರುವ ಮನುಷ್ಯನಿಗೆ ಅದು ಹದಿನಾಲ್ಕು ಗಂಟೆ.

ಹೊತ್ತಿನ ಈ ಜಗಳ ನಿನ್ನೆ ಮೊನ್ನೆಯದಲ್ಲ. ಇದರ ದೊಡ್ಡ ಅಧ್ಯಾಯದಲ್ಲಿ ನಮ್ಮ ಮಂಗಳೂರಿನವರೊಬ್ಬರ ಹೆಸರಿದೆ. ಜಾರ್ಜ್ ಫರ್ನಾಂಡಿಸ್ 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಈ ಊರಿಗೆ ಬಂದು, ಚೌಪಾಟಿಯ ಬೆಂಚಿನ ಮೇಲೆ ಮಲಗಿ ದಿನ ಕಳೆದವರು. 1967ರಲ್ಲಿ ದಕ್ಷಿಣ ಮುಂಬೈಯಿಂದ ನಿಂತು ಅವರು ಸೋಲಿಸಿದ್ದು ಆಗಿನ ರೈಲ್ವೆ ಮಂತ್ರಿ ಎಸ್.ಕೆ. ಪಾಟೀಲರನ್ನೇ. 1973ರ ಆಗಸ್ಟಿನಲ್ಲಿ ಲೋಕೊ ಸಿಬ್ಬಂದಿ ಮುಷ್ಕರ ಮಾಡಿ ಹತ್ತು ಗಂಟೆಯ ಡ್ಯೂಟಿಯ ಭರವಸೆ ಪಡೆದರು. ಹತ್ತು ಗಂಟೆಯೇ ಗೆಲುವು ಎನ್ನಿಸಬೇಕಾದರೆ ಅದಕ್ಕೆ ಮುಂಚೆ ಎಷ್ಟಿತ್ತೆಂದು ಊಹಿಸಿಕೊಳ್ಳಿ. ಮರುವರ್ಷ ಮೇ 8ರಂದು ಶುರುವಾಗಿ ಸುಮಾರು ಇಪ್ಪತ್ತು ದಿನ ನಡೆದ ರೈಲ್ವೆ ಮುಷ್ಕರಕ್ಕೆ ಆಲ್ ಇಂಡಿಯಾ ರೈಲ್ವೇಮೆನ್ಸ್ ಫೆಡರೇಷನ್ನಿನ ಅಧ್ಯಕ್ಷರಾಗಿ ಮುಂದಾಳಾದವರು ಜಾರ್ಜ್. ಸುಮಾರು 17 ಲಕ್ಷ ಕಾರ್ಮಿಕರು ಅದರಲ್ಲಿದ್ದರು. ಸಾವಿರಾರು ಜನ ಜೈಲಿಗೆ ಹೋದರು, ಕುಟುಂಬಗಳನ್ನು ಕ್ವಾರ್ಟರ್ಸುಗಳಿಂದ ಹೊರಹಾಕಲಾಯಿತು. ಬೋನಸ್, ಸಂಬಳದ ಬೇಡಿಕೆಗಳ ಜತೆಗೆ ಎಂಟು ಗಂಟೆಯ ದುಡಿಮೆಯೂ ಆ ಪಟ್ಟಿಯಲ್ಲಿತ್ತು. ಮುಷ್ಕರ ಸೋತಿತು. ಬೇಡಿಕೆ ಸತ್ತಿತೆಂದು ನಾನು ಹೇಳಲಾರೆ. 1989ರ ಕೊನೆಯಲ್ಲಿ ಅವರೇ ರೈಲ್ವೆ ಮಂತ್ರಿಯಾದರು, ಕೊಂಕಣ ರೈಲ್ವೆಗೆ ಚಾಲನೆ ಕೊಟ್ಟರು. ನಮ್ಮ ಕರಾವಳಿಯವರು ಅವರನ್ನು ನೆನೆಯುವುದು ಬಹುತೇಕ ಆ ಹಳಿಗಾಗಿ. ನನಗೆ ನೆನಪಾಗುವುದು ಆ ಎಂಟು ಗಂಟೆ.

ಈಗಿನ ನಿಯಮ ಹೇಗಿದೆ? ಗಾಡಿ ಓಡಿಸುವ ಸಿಬ್ಬಂದಿಗೆ ಒಂದು ಸರದಿಯಲ್ಲಿ ಓಟದ ಅವಧಿ ಸಾಮಾನ್ಯವಾಗಿ 9 ಗಂಟೆ, ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ 11 ಗಂಟೆ ಮೀರಬಾರದು. ತಿಂಗಳಿಗೆ 30 ಗಂಟೆಯ ನಾಲ್ಕು ವಿಶ್ರಾಂತಿ, ಇಲ್ಲವೇ 22 ಗಂಟೆಯ ಐದು. ಲೋಕೊ ಪೈಲಟ್‌ಗಳ ಸಂಘಟನೆಗಳು ವರ್ಷಗಳಿಂದ ಎತ್ತಿರುವ ಪ್ರಶ್ನೆ ಇಲ್ಲಿದೆ. ಪೂರ್ಣ ಡ್ಯೂಟಿ ಮುಗಿಸಿ ತನ್ನ ಊರಿಗೆ ಬಂದವನಿಗೆ 16 ಗಂಟೆ ಹೇಗೂ ಕೊಡಬೇಕು. ಆ ಹದಿನಾರನ್ನು ಮೂವತ್ತರ ಹೊಟ್ಟೆಯೊಳಗೇ ಸೇರಿಸಿಬಿಟ್ಟರೆ ವಾರದ ರಜೆ ಎಂದು ನಿಜಕ್ಕೂ ಉಳಿಯುವುದು 14 ಗಂಟೆ. ಆದ್ದರಿಂದಲೇ 16ಕ್ಕೆ 30 ಕೂಡಿಸಿ 46 ಕೊಡಿ ಎಂದು ಅವರು ಕೇಳುತ್ತಾರೆ. ಇದು ಹೊರಗಿನವರಿಗೆ ಕೂದಲು ಸೀಳುವ ವಾದದಂತೆ ಕೇಳಿಸಬಹುದು. ಸಂಜೆ ಆರಕ್ಕೆ ಡ್ಯೂಟಿ ಮುಗಿಸಿದವರಿಗೆ ಮೂವತ್ತು ಗಂಟೆ ಎಂದರೆ ಮರುದಿನ ನಡುರಾತ್ರಿ. ಆಗ ಮತ್ತೆ ಎದ್ದು ಹೊರಡಬೇಕು. ಮಧ್ಯೆ ಬರುವುದು ಒಂದೇ ರಾತ್ರಿ. ಕೆಳಗಿನ ಮನೆಯಾಕೆ ಆ ದಿನಕ್ಕೆ ಪೆನ್ಸಿಲಿನಲ್ಲಿ ಅರ್ಧ ಸುತ್ತು ಮಾತ್ರ ಹಾಕುತ್ತಿದ್ದರು.

ಗಣಿತದವನಾಗಿ ನನಗೆ ಬಹಳ ಮೆಚ್ಚಿನ ಕತೆಯೊಂದು ನೆದರ್‌ಲ್ಯಾಂಡ್ಸಿನದು. 2001ರಲ್ಲಿ ಅಲ್ಲಿನ ರೈಲ್ವೆಯವರು ತಡವಾಗುವಿಕೆಯನ್ನು ತಗ್ಗಿಸಲು ಒಂದು ತರ್ಕಬದ್ಧ ಯೋಜನೆ ಮಾಡಿದರು. ಪ್ರತಿ ಚಾಲಕನನ್ನೂ ಒಂದೇ ಮಾರ್ಗಕ್ಕೆ ಕಟ್ಟಿಹಾಕುವುದು. ಅದೇ ಗಾಡಿ, ಅದೇ ಎರಡು ತುದಿ, ದಿನವಿಡೀ ಹೋಗಿ ಬಂದು. ಒಂದು ಮಾರ್ಗದಲ್ಲಿ ತೊಂದರೆಯಾದರೆ ಸಿಬ್ಬಂದಿಯ ಮೂಲಕ ಇನ್ನೊಂದಕ್ಕೆ ಹಬ್ಬುವುದಿಲ್ಲ ಎಂಬುದು ಲೆಕ್ಕಾಚಾರ. ಕಾಗದದ ಮೇಲೆ ತಪ್ಪು ಹುಡುಕಲಾರಿರಿ. ಸಿಬ್ಬಂದಿ ಅದಕ್ಕೆ ‘ಚರ್ಚಿನ ಸುತ್ತ ಪ್ರದಕ್ಷಿಣೆ’ ಎಂಬರ್ಥದ ಹೆಸರಿಟ್ಟು ಮುಷ್ಕರಕ್ಕಿಳಿದರು. ಅವರು ಕಡಿಮೆ ಕೆಲಸ ಕೇಳಲಿಲ್ಲ, ಹೆಚ್ಚು ಸಂಬಳದ ಜಗಳವೂ ಮುಖ್ಯವಾಗಿರಲಿಲ್ಲ. ಗಾಣದೆತ್ತಿನಂತೆ ಒಂದೇ ಹಳಿಯಲ್ಲಿ ತಿರುಗಿಸಬೇಡಿ ಎಂದರು. ಕೊನೆಗೆ ಒಪ್ಪಂದವಾದ ಹೊಸ ನಿಯಮಗಳಿಗೆ ಬಂದ ಹೆಸರು ‘ಸಿಹಿ-ಹುಳಿ ಹಂಚಿಕೆ’. ದೂರದ ಇಂಟರ್‌ಸಿಟಿ ಓಟ ಸಿಹಿ. ಹಳೆಯ ಗಾಡಿಯಲ್ಲಿ ಗಂಟೆಗಟ್ಟಲೆ, ಪ್ರಯಾಣಿಕರ ಬೈಗುಳ ಹೊಡೆತಗಳಿರುವ ಮಾರ್ಗದಲ್ಲಿ ದುಡಿಯುವುದು ಹುಳಿ. ಪ್ರತಿ ಡಿಪೋಗೂ ಎರಡರಲ್ಲೂ ನ್ಯಾಯವಾದ ಪಾಲು ಸಿಗಬೇಕು, ದಿನದೊಳಗೆ ಬದಲಾವಣೆ ಇರಬೇಕು. ಯುಗಾದಿಯ ದಿನ ಬೇವು-ಬೆಲ್ಲವನ್ನು ಒಂದೇ ಬಟ್ಟಲಿನಿಂದ ಹಂಚಿ ತಿನ್ನುವ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯ. ನ್ಯಾಯದ ಇಂಥ ಷರತ್ತುಗಳನ್ನು ಸೇರಿಸಿದರೆ ಲೆಕ್ಕ ಬಿಡಿಸಲಾಗದಷ್ಟು ಜಟಿಲವಾಗುತ್ತದೆ, ಖರ್ಚು ಹೆಚ್ಚುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ಅಲ್ಲಿನ ಗಣಿತಜ್ಞರು ಆ ಷರತ್ತುಗಳನ್ನೇ ಸಮೀಕರಣದೊಳಗೆ ಬರೆದು ಕಂಪ್ಯೂಟರಿನಲ್ಲಿ ಬಿಡಿಸಿದರು. ಲಕ್ಷಗಟ್ಟಲೆ ಸಾಧ್ಯ ಡ್ಯೂಟಿಗಳನ್ನು ಹುಟ್ಟಿಸಿ, ಅವುಗಳೊಳಗಿಂದ ಪ್ರತಿ ಗಾಡಿಗೂ ಒಬ್ಬರು ಸಿಗುವಂತೆ ಆರಿಸುವ ವಿಧಾನ ಅದು. 2006ರ ಡಿಸೆಂಬರಿನಲ್ಲಿ ದೇಶದ ಇಡೀ ವೇಳಾಪಟ್ಟಿಯನ್ನು ಹೊಸದಾಗಿ ಕಟ್ಟಿದರು. 2008ರಲ್ಲಿ ಆ ಕೆಲಸಕ್ಕೆ ನಮ್ಮ ಕ್ಷೇತ್ರದ ದೊಡ್ಡ ಗೌರವವಾದ ಫ್ರಾಂಜ್ ಎಡೆಲ್‌ಮನ್ ಪ್ರಶಸ್ತಿ ಬಂತು. ಕೆಲಸಗಾರರ ಮಾತನ್ನು ಲೆಕ್ಕದೊಳಗೆ ತಂದರೆ ಲೆಕ್ಕ ಕೆಡುತ್ತದೆ ಎನ್ನುವವರನ್ನು ಕಂಡಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ. ಇನ್ನೂ ಹೇಳುತ್ತೇನೆ.

ಬ್ರಿಟನ್ನಿನ ಕತೆ ಇದಕ್ಕೆ ತದ್ವಿರುದ್ಧ. 2018ರ ಮೇ 20ರಂದು ಅಲ್ಲಿ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಹೆಚ್ಚು ಗಾಡಿ, ಹೊಸ ಸಂಪರ್ಕ, ದೊಡ್ಡ ಪ್ರಚಾರ. ಮ್ಯಾಂಚೆಸ್ಟರ್‌ನಿಂದ ಬೋಲ್ಟನ್ ಮೂಲಕ ಪ್ರೆಸ್ಟನ್‌ಗೆ ಹೋಗುವ ಮಾರ್ಗದ ವಿದ್ಯುದೀಕರಣ ಹೊತ್ತಿಗೆ ಸರಿಯಾಗಿ ಮುಗಿದಿರಲಿಲ್ಲ. ಆದ್ದರಿಂದ ಪಟ್ಟಿಯನ್ನು ಕೊನೆಗಳಿಗೆಯಲ್ಲಿ ತಿದ್ದಿ ಬರೆಯಬೇಕಾಯಿತು. ಬಹಳ ಮೊದಲೇ ಕೈಸೇರಬೇಕಾದ ಪಟ್ಟಿ ಸಿಬ್ಬಂದಿಯ ಲಿಂಕ್ ಮಾಡುವವರಿಗೆ ತೀರಾ ತಡವಾಗಿ ಸಿಕ್ಕಿತು. ಅಲ್ಲಿನ ಕಟ್ಟುನಿಟ್ಟಾದ ಪದ್ಧತಿಯಂತೆ ಚಾಲಕ ತಾನು ಓಡಿಸುವ ಪ್ರತಿ ಮಾರ್ಗವನ್ನೂ ಮೊದಲು ಕಲಿತಿರಬೇಕು, ಎಲ್ಲಿ ಇಳಿಜಾರು, ಎಲ್ಲಿ ಸಿಗ್ನಲ್ ತಿರುವಿನ ಹಿಂದೆ ಅಡಗಿದೆ ಎಂಬುದು ಮೈಗೆ ಹತ್ತಿರಬೇಕು. ಗಾಡಿಯಿತ್ತು, ಹಳಿಯಿತ್ತು, ಚಾಲಕರೂ ಇದ್ದರು. ಆದರೆ ಆ ಗಾಡಿಗೆ, ಆ ಹಳಿಗೆ ತರಬೇತಾದ ಚಾಲಕ ಆ ಬೆಳಿಗ್ಗೆ ಆ ನಿಲ್ದಾಣದಲ್ಲಿರಲಿಲ್ಲ. ಉತ್ತರದಲ್ಲಿ ನಾರ್ದರ್ನ್, ಲಂಡನ್ ಸುತ್ತ ಥೇಮ್ಸ್‌ಲಿಂಕ್, ಎರಡೂ ರೈಲು ಸೇವೆಗಳು ಕುಸಿದವು. ಜೂನ್ 4ರಿಂದ ನಾರ್ದರ್ನ್ ದಿನಕ್ಕೆ 165 ಗಾಡಿಗಳನ್ನು ಕೈಬಿಟ್ಟು ತುರ್ತು ಪಟ್ಟಿ ತಂದಿತು. ವಿಂಡರ್‌ಮಿಯರ್‌ಗೆ ಹೋಗುವ ಪುಟ್ಟ ಮಾರ್ಗದಲ್ಲಂತೂ ವಾರಗಟ್ಟಲೆ ನಾರ್ದರ್ನ್‌ನ ಗಾಡಿಯೇ ಇರಲಿಲ್ಲ, ಬದಲಿಗೆ ಬಸ್ಸು. ಆಮೇಲೆ ಸ್ಟೀಫನ್ ಗ್ಲೇಸ್ಟರ್ ಅವರ ನೇತೃತ್ವದಲ್ಲಿ ನಡೆದ ವಿಚಾರಣೆ, ಇಡೀ ವ್ಯವಸ್ಥೆಯ ಹೊಣೆಯನ್ನು ಯಾರೂ ವಹಿಸಿಕೊಂಡಿರಲಿಲ್ಲ ಎಂಬ ತೀರ್ಮಾನಕ್ಕೆ ಬಂತು. ಮೊದಲ ಹಾಳೆಯನ್ನು ಅಚ್ಚು ಹಾಕಿ ಮೂರನೆಯದನ್ನು ಆಮೇಲೆ ನೋಡಿಕೊಳ್ಳೋಣ ಎಂದರೆ ಇಷ್ಟಾಗುತ್ತದೆ.

ಜಪಾನಿನ ಒಂದು ಬೆಳಿಗ್ಗೆಯನ್ನು ಹೇಳದೆ ಈ ವಿಷಯ ಮುಗಿಸಲಾರೆ, ಹೇಳುವುದು ಸುಲಭವೂ ಅಲ್ಲ. 2005ರ ಏಪ್ರಿಲ್ 25, ಅಮಾಗಾಸಾಕಿ. ಒಸಾಕಾ ಸುತ್ತಲ ನೌಕರಿಯ ಜನ ತುಂಬಿದ ಲೋಕಲ್. ಚಾಲಕನಿಗೆ 23 ವರ್ಷ, ಗಾಡಿ ಓಡಿಸತೊಡಗಿ ವರ್ಷವೂ ತುಂಬಿರಲಿಲ್ಲ. ಇಟಾಮಿ ನಿಲ್ದಾಣದಲ್ಲಿ ಗಾಡಿ ಸುಮಾರು 70 ಮೀಟರ್ ಮುಂದೆ ಹೋಗಿ ನಿಂತಿತು, ಹಿಂದಕ್ಕೆ ತಂದು ನಿಲ್ಲಿಸಬೇಕಾಯಿತು. ಒಟ್ಟು ತಡ ಸುಮಾರು ಒಂದೂವರೆ ನಿಮಿಷ. ಆ ಗಾಡಿ ನಡೆಸುತ್ತಿದ್ದ ಕಂಪನಿಯಲ್ಲಿ ತಪ್ಪು ಮಾಡಿದ ಚಾಲಕರನ್ನು ಗಾಡಿಯಿಂದ ಇಳಿಸಿ, ದಿನಗಟ್ಟಲೆ ‘ಶಿಕ್ಷಣ’ ಎಂಬ ಹೆಸರಿನಲ್ಲಿ ತಪ್ಪೊಪ್ಪಿಗೆ ಬರೆಸುವ, ಎಲ್ಲರೆದುರು ಅವಮಾನಿಸುವ ಪದ್ಧತಿಯಿತ್ತು. ಆ ಹುಡುಗ ಒಮ್ಮೆ ಅದನ್ನು ಅನುಭವಿಸಿದ್ದ. 70 ಕಿಲೋಮೀಟರ್ ವೇಗದ ಮಿತಿಯಿದ್ದ ತಿರುವಿಗೆ ಗಾಡಿ 116ರಲ್ಲಿ ಬಂತು. ಹಳಿ ತಪ್ಪಿ ಒಂದು ವಸತಿ ಕಟ್ಟಡಕ್ಕೆ ಅಪ್ಪಳಿಸಿತು. ಚಾಲಕನೂ ಸೇರಿ 107 ಜನ ಸತ್ತರು, 562 ಜನ ಗಾಯಗೊಂಡರು. ತನ್ನ ತಪ್ಪನ್ನು ಗಾರ್ಡ್ ಹೇಗೆ ವರದಿ ಮಾಡುತ್ತಾನೋ ಎಂದು ರೇಡಿಯೊ ಮಾತಿಗೆ ಕಿವಿಗೊಟ್ಟು ಆತ ಬ್ರೇಕು ಹಾಕುವುದನ್ನು ಮರೆತಿರಬೇಕು ಎಂದು ತನಿಖೆ ಹೇಳಿತು. ಆ ಮಾರ್ಗದ ಪಟ್ಟಿಯಲ್ಲಿ ತಡವಾದದ್ದನ್ನು ತುಂಬಿಕೊಳ್ಳಲು ಉಸಿರಾಡುವಷ್ಟು ಜಾಗವೂ ಇರಲಿಲ್ಲ. ಪಕ್ಕದ ಖಾಸಗಿ ಮಾರ್ಗದ ಜತೆ ಪೈಪೋಟಿಗೆ ಸೆಕೆಂಡು ಸೆಕೆಂಡನ್ನೂ ಹಿಂಡಿದ್ದರು. ಅಪಘಾತದ ಮೇಲೆ ಕಂಪನಿ ವೇಳಾಪಟ್ಟಿಯನ್ನು ಸಡಿಲಿಸಿತು. ನಮ್ಮ ಲೋಕಲ್ ಎರಡು ನಿಮಿಷ ತಡವಾದಾಗ ಕೈಗಡಿಯಾರ ನೋಡಿ ಗೊಣಗುವ ನಾನು ಆ ಒಂದೂವರೆ ನಿಮಿಷವನ್ನು ನೆನೆದು ಸುಮ್ಮನಾಗುತ್ತೇನೆ.

ಹಾಗಾದರೆ ಏನು ಮಾಡಬೇಕು? ಯಂತ್ರಗಳಿಂದ ಒಂದಿಷ್ಟು ನೆರವು ಸಿಗುತ್ತದೆ. ಪಶ್ಚಿಮ ರೈಲ್ವೆ 2009ರಲ್ಲಿ ಹದಿನೈದು ಬೋಗಿಯ ಲೋಕಲ್ ಶುರುಮಾಡಿತು. ಅದೇ ಮೋಟರ್‌ಮನ್, ಅದೇ ಗಾರ್ಡ್, ಕಾಲು ಭಾಗ ಹೆಚ್ಚು ಜಾಗ. ಪ್ಲಾಟ್‌ಫಾರ್ಮ್ ಉದ್ದ ಮಾಡುವ ಬೇಸರದ ಕೆಲಸಕ್ಕೆ ಇಷ್ಟು ಫಲವಿದೆ. ಹೊಸ ಸಿಗ್ನಲ್ ವ್ಯವಸ್ಥೆ ತಂದು ಗಾಡಿಗಳ ನಡುವಿನ ಅಂತರ ಕಡಿಮೆ ಮಾಡುವ ಯೋಜನೆಗಳೂ ಇವೆ. ಅವು ಬಂದರೆ ಗಾಡಿ ಹೆಚ್ಚುತ್ತದೆ, ಜತೆಗೆ ಬೇಕಾದ ಮೋಟರ್‌ಮನ್‌ಗಳೂ. ಆ ಎರಡನೆಯ ಅಂಕಿ ಯೋಜನೆಯ ಕಡತದ ಮೊದಲ ಪುಟದಲ್ಲಿರಬೇಕು.

ನನ್ನ ಮನಸ್ಸಿಗೆ ಹತ್ತಿರವಾದ ಇನ್ನೊಂದು ಪ್ರಯತ್ನ 2023ರದು. ಮಧ್ಯ ರೈಲ್ವೆ ನಗರದ ನೂರಾರು ಕಚೇರಿಗಳಿಗೆ ಪತ್ರ ಬರೆದು, ಕೆಲಸದ ಹೊತ್ತನ್ನು ಹಿಂದೆ ಮುಂದೆ ಮಾಡಿಕೊಳ್ಳಿ ಎಂದು ಕೇಳಿತು. ತನ್ನ ಮುಂಬೈಯ ಕಚೇರಿಯಲ್ಲೇ ಮೊದಲು ಎರಡು ಸರದಿ ಮಾಡಿತು. ಬೆಳಗಿನ ನೂಕುನುಗ್ಗಲು ಮೂರು ಗಂಟೆಯ ಬದಲು ಐದು ಗಂಟೆಗೆ ಹರಡಿಕೊಂಡರೆ ಉಸಿರಾಡುವವರು ಪ್ರಯಾಣಿಕರು ಮಾತ್ರವಲ್ಲ. ಶಿಖರ ತಗ್ಗಿದಷ್ಟೂ ಮೂರನೆಯ ಹಾಳೆ ನೇರವಾಗುತ್ತದೆ, ಮುರಿದ ಡ್ಯೂಟಿಗಳು ಕೂಡಿಕೊಳ್ಳುತ್ತವೆ. ಈ ಸಭೆಯಲ್ಲಿ ಕಚೇರಿ ನಡೆಸುವವರು, ಬ್ಯಾಂಕಿನ ಹಿರಿಯರು, ಹೋಟೆಲ್ ಉದ್ಯಮದವರು ಇದ್ದೀರಿ. ಹೊತ್ತು ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲೂ ಇದೆ.

ಇನ್ನು ನೇಮಕಾತಿ. 2024ರ ಜನವರಿಯಲ್ಲಿ ರೈಲ್ವೆ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಕರೆದ ಅರ್ಜಿ 5,696ಕ್ಕೆ. ಜೂನ್ 17ರಂದು ಕಾಂಚನಜಂಗಾ ಎಕ್ಸ್‌ಪ್ರೆಸ್‌ಗೆ ಗೂಡ್ಸ್ ಗಾಡಿ ಹಿಂದಿನಿಂದ ಗುದ್ದಿತು. ಕೆಲವೇ ದಿನಗಳಲ್ಲಿ ಆ ಸಂಖ್ಯೆ 18,799 ಆಯಿತು. ಮೂರು ಪಟ್ಟನ್ನೂ ಮೀರಿದ ಆ ಕೊರತೆ ಜನವರಿಯಲ್ಲೂ ಇದ್ದೇ ಇರಬೇಕಲ್ಲ? ಅರ್ಜಿ ಹಾಕಿದ ಹುಡುಗ ಹುಡುಗಿಯರು ಪರೀಕ್ಷೆ, ಮನಃಶಾಸ್ತ್ರೀಯ ಪರೀಕ್ಷೆ, ವೈದ್ಯಕೀಯ ಪರೀಕ್ಷೆ, ತರಬೇತಿ ದಾಟಿ, ಸಹಾಯಕರಾಗಿ, ಗೂಡ್ಸ್ ಓಡಿಸಿ, ಲೋಕಲ್‌ನ ಕ್ಯಾಬಿಗೆ ಬರುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ. ಇವತ್ತು ಕಾಣುವ ಕೊರತೆ ಎಷ್ಟೋ ವರ್ಷದ ಹಿಂದೆ ಯಾರೋ ಹಾಕದ ಒಂದು ಸಹಿ. ಹುಡುಗಿಯರು ಎಂದೆ. ಸಾತಾರಾ ಜಿಲ್ಲೆಯ ಸುರೇಖಾ ಯಾದವ್ ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎನಿಸಿಕೊಂಡು, ಈ ಊರಿನ ಲೇಡೀಸ್ ಸ್ಪೆಷಲ್ ಅನ್ನೂ ಓಡಿಸಿ, 2025ರ ಸೆಪ್ಟೆಂಬರಿನಲ್ಲಿ ನಿವೃತ್ತರಾದರು. ಅವರ ಹಿಂದೆ ಬರುವವರಿಗೆ ಲಾಬಿಯಲ್ಲಿ ಬೇರೆ ಶೌಚಾಲಯ, ಸಿಬ್ಬಂದಿ ತಂಗುವ ರನ್ನಿಂಗ್ ರೂಮಿನಲ್ಲಿ ಬೇರೆ ಕೋಣೆ, ನಡುರಾತ್ರಿ ಮನೆ ಮುಟ್ಟಿಸುವ ವಾಹನ ಬೇಕು. ಇವೂ ವೇಳಾಪಟ್ಟಿಯ ಮಾತೇ. ಇವಿಲ್ಲದೆ ಆ ಡ್ಯೂಟಿಗಳಿಗೆ ಅರ್ಧ ಜನಸಂಖ್ಯೆಯನ್ನು ಕರೆಯಲಾಗುವುದಿಲ್ಲ.

ಕೊನೆಯದಾಗಿ ನಮ್ಮ ಬೆಂಗಳೂರು. ಅಲ್ಲಿ ಉಪನಗರ ರೈಲು ಕಟ್ಟುತ್ತಿದ್ದಾರೆ. 2020ರಲ್ಲಿ ಕೇಂದ್ರದ ಮಂಜೂರಾತಿ ಸಿಕ್ಕಿತು, 2022ರ ಜೂನಿನಲ್ಲಿ ಶಂಕುಸ್ಥಾಪನೆಯಾಯಿತು. 148 ಕಿಲೋಮೀಟರ್, ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಹೆಸರು. ಕಾಂಕ್ರೀಟ್ ಎಷ್ಟು ಮೇಲೆ ಬಂತೆಂದು ಪತ್ರಿಕೆಗಳು ಬರೆಯುತ್ತಲೇ ಇವೆ. ಚಾಲಕರ ತರಬೇತಿ ಎಲ್ಲಿ, ಯಾವಾಗ, ಎಷ್ಟು ಮಂದಿಗೆ ಎಂದೂ ನಾವು ಕೇಳಬೇಕು. 2025ರ ಮಾರ್ಚಿನಲ್ಲಿ ಬೆಂಗಳೂರು ಮೆಟ್ರೊ 50 ಚಾಲಕರನ್ನು ಗುತ್ತಿಗೆಯಲ್ಲಿ ತೆಗೆದುಕೊಳ್ಳಲು ಹೊರಟಿತು. ಬೇರೆ ಮೆಟ್ರೊಗಳಲ್ಲಿ ಓಡಿಸಿದ ಅನುಭವ ಇರಬೇಕೆಂಬ ಷರತ್ತಿನಿಂದ ಕನ್ನಡದ ಮಕ್ಕಳಿಗೆ ಬಾಗಿಲು ಮುಚ್ಚುತ್ತದೆ ಎಂಬ ಕೂಗೆದ್ದಿತು, ಪ್ರಕಟಣೆ ಹಿಂದಕ್ಕೆ ಹೋಯಿತು. ಆ ಕೂಗು ನ್ಯಾಯವಾದದ್ದೇ. ಆದರೆ ಸಿದ್ಧಪಡಿಸಿದ ಚಾಲಕರು ಬೇಕೆಂದು ಹೊರಗೆ ಹುಡುಕುವ ಪ್ರಮೇಯ ಬರುವುದು, ಹಳಿ ಹಾಕುವ ಹೊತ್ತಿಗೆ ನಮ್ಮವರ ತರಬೇತಿ ಶುರುವಾಗದಿದ್ದಾಗ. ಕಲಬುರಗಿಯ, ರಾಯಚೂರಿನ, ಅರಸೀಕೆರೆಯ ಐಟಿಐ ಓದಿದ ಮಕ್ಕಳನ್ನು ಇವತ್ತೇ ಆರಿಸಿ ಕಲಿಸತೊಡಗಿದರೆ ಮಲ್ಲಿಗೆಯ ಗಾಡಿ ಹೊರಡುವಷ್ಟರಲ್ಲಿ ಅವರ ಕೈ ಪಳಗಿರುತ್ತದೆ.

ಕನಕ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುತ್ತದೆ. ಮುಂದೊಂದು ದಿನ ಆ ಎರಡರಲ್ಲಿ ಯಾವುದಾದರೂ ಒಂದು ಊರಿನ ಒಂದು ಅಡುಗೆಮನೆಯ ಗೋಡೆಗೂ ಹಾಳೆಯೊಂದು ಅಂಟಿಕೊಳ್ಳುತ್ತದೆ. ನಸುಕಿನ ನಾಲ್ಕಕ್ಕೆ ಸೈನ್ ಆನ್ ಆಗುವವರು ಲಾಬಿಗೆ ಹೋಗುವುದು ಹೇಗೆ, ನಡುರಾತ್ರಿ ಸೈನ್ ಆಫ್ ಆದವರು ಮಲಗುವುದು ಎಲ್ಲಿ, ನೂರು ಜನ ಹಾಜರಿರಲು ನೂರನಲವತ್ತು ಹುದ್ದೆ ಮಂಜೂರಾಗಿದೆಯೇ ಎಂಬುದನ್ನು ಆ ಹಾಳೆ ಬರೆಯುವವರು ಈಗಲೇ ನೋಡಿಕೊಳ್ಳಲಿ. ಅದರ ಮೇಲೆ ಪೆನ್ಸಿಲಿನ ಗುರುತು ಹಾಕುವ ಹೆಣ್ಣುಮಗಳಿಗೆ ಯುಗಾದಿಯ ದಿನ ಗಂಡ ಮನೆಯಲ್ಲಿರುತ್ತಾನೋ ಇಲ್ಲವೋ ಎಂದು ತಿಂಗಳ ಮೊದಲೇ ತಿಳಿದಿರಲಿ, ಮತ್ತು ಒಮ್ಮೆ ಹಾಕಿದ ಗುರುತನ್ನು ಆಕೆ ಅಳಿಸಬೇಕಾಗಿ ಬರದಿರಲಿ.